ಇನ್ನೂ ಹುಟ್ಟದವರ ಪಾಲು

ಇಂಥ ಮಹೋತ್ಸವದಲ್ಲಿ ಹಿಂದಿನವರ ಉಪಕಾರವನ್ನು ನೆನೆಯುವದು ವಾಡಿಕೆ. ಆ ಹಿಂದಿನವರಿಗೆ ನಾವೇ ಮುಂದಿನವರಾಗಿದ್ದೆವು. ಆದುದರಿಂದ ನಮ್ಮ ಮುಂದಿನವರಿಗೆ ನಾವು ಸಲ್ಲಿಸತಕ್ಕುದೇನೆಂಬ ವಿಚಾರವು ಈ ದಿನಕ್ಕೆ ಉಚಿತವೇ ಸರಿ.

ನಮ್ಮ ಅರಕೇರಾ ಸೀಮೆಯ ತೆಂಕಲಿಗೆ ಹರಿಯುವ ತುಂಗಭದ್ರೆಗೆ ಹೊಸಪೇಟೆಯ ಬಳಿ ಅಣೆಕಟ್ಟು ಕಟ್ಟಿ, 1953ರಲ್ಲಿ ನೀರು ನಿಲ್ಲಿಸಿದಾಗ ಜಲಾಶಯವು ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುವಂತಿದ್ದಿತು. ಈಗ ಹಿಡಿಯುವದು ಸುಮಾರು 105 ಮಾತ್ರ. ಉಳಿದ ಜಾಗವನ್ನು ಹೂಳು ನುಂಗಿರುವದು. ಎಡದಂಡೆಯ ಕಾಲುವೆಯಿಂದ ಸಿಂಧನೂರು, ಮಾನ್ವಿಗಳ ಕಡೆ ನೆಲ್ಲು ತುಂಬಿ ಬೆಳೆಯಿತು; ಆದರೆ ನೀರು ಮಿತಿಮೀರಿದ ಕಡೆ ಎರೆಭೂಮಿಯು ಸವುಳಾಯಿತು. ಫಲವನ್ನು ಉಂಡವರು ಒಬ್ಬರು, ಹೂಳನ್ನೂ ಸವುಳನ್ನೂ ಹೊರುವವರು ಮತ್ತೊಬ್ಬರು. ಈ ಎರಡನೆಯವರಲ್ಲಿ ಬಹುಮಂದಿ ಇನ್ನೂ ಹುಟ್ಟಿಯೇ ಇಲ್ಲ. ಆದಕಾರಣ ಅವರ ಪರವಾಗಿ ಯಾವ ಪಂಚಾಯತಿಯಲ್ಲಿಯೂ ಅರ್ಜಿ ಬರುವದಿಲ್ಲ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಡೆರೆಕ್ ಪಾರ್ಫಿಟ್ ಎಂಬ ಆಂಗ್ಲ ತತ್ತ್ವಜ್ಞನು 1984ರ ತನ್ನ ಗ್ರಂಥದಲ್ಲಿ ಇದನ್ನು ಕೂಲಂಕಷವಾಗಿ ಚರ್ಚಿಸಿರುವನು. ನಮ್ಮ ನೆಲದ ದೃಷ್ಟಾಂತದಿಂದ ಹೇಳುವದಾದರೆ, ಕಾಲುವೆ ಬಂದುದರಿಂದ ಆಂಧ್ರದ ಕರಾವಳಿಯ ಒಕ್ಕಲುಗಳು ಇಲ್ಲಿಗೆ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಸಂಬಂಧಗಳು ಬೆಳೆದುವು, ಮಕ್ಕಳಾದರು. ಕಾಲುವೆ ಬಾರದಿದ್ದರೆ ಈ ಮಕ್ಕಳೇ ಹುಟ್ಟುತ್ತಿರಲಿಲ್ಲ, ಬೇರೆ ಮಕ್ಕಳು ಹುಟ್ಟುತ್ತಿದ್ದರು. ಹೀಗಿರಲಾಗಿ, ಸವುಳುನೆಲವನ್ನು ಪಡೆದ ಮಗುವಿಗೆ ಹಿರಿಯರು ಅನ್ಯಾಯ ಮಾಡಿದರೆನ್ನುವದು ಹೇಗೆ? ಅವರು ಬೇರೆ ದಾರಿ ಹಿಡಿದಿದ್ದರೆ ಆ ಮಗುವೇ ಇರುತ್ತಿರಲಿಲ್ಲವಲ್ಲ!

ಇದಕ್ಕೆ ಉತ್ತರವು ನಮ್ಮ ದಾಸೋಹದ ಮನೆಯಲ್ಲಿಯೇ ಇರುವದು. ಒಲೆ ಹೊತ್ತಿಸುವಾಗ ಬರತಕ್ಕವರ ಹೆಸರನ್ನು ಯಾರೂ ಕೇಳುವದಿಲ್ಲ. ಹಳಸಿದುದನ್ನು ಬಡಿಸಿ, “ಅಡಿಗೆ ಹೊತ್ತಿಗೆ ಆಗಿದ್ದರೆ ನಿನ್ನ ಬದಲು ಬೇರೊಬ್ಬನು ಉಣ್ಣುತ್ತಿದ್ದನು, ನಿನಗೇನು ನಷ್ಟ?” ಎಂದರೆ ದೋಷವು ತೀರಲಾರದು. ದಾಸೋಹವು ಹೆಸರಿಗೆ ಸಲ್ಲುವದಲ್ಲ, ಹಸಿವಿಗೆ ಸಲ್ಲುವದು. ಯಾವ ಮಗುವೇ ಬರಲಿ, ಅದಕ್ಕೆ ನೀರು ಬೇಕು, ನೆಲ ಬೇಕು.

ಎರಡನೆಯ ಪೂರ್ವಪಕ್ಷವು ಇನ್ನೂ ಘೋರವಾದುದು. ಬರುವವರೇ ಇಲ್ಲವಾದರೆ ಹಸಿಯುವವರೂ ಇಲ್ಲವಷ್ಟೆ, ಆಗ ನಷ್ಟವಾರಿಗೆ? 1945ರಲ್ಲಿ ಹಿರೋಷಿಮಾ ಸುಟ್ಟಂದಿನಿಂದ ಇದು ಬರಿಯ ತರ್ಕವಾಗಿ ಉಳಿದಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಮಂದಿ ಅಳಿಯುವದಕ್ಕೂ ನೂರೂ ಅಳಿಯುವದಕ್ಕೂ ಇರುವ ಅಂತರವು ಬಹು ದೊಡ್ಡದೆಂದು ಪಾರ್ಫಿಟ್ ವಾದಿಸಿದನು. ಒಂದು ಪಾಲು ಉಳಿದರೂ ಮುಂದಿನ ಸಮಸ್ತ ಪೀಳಿಗೆಗಳು ಉಳಿದಂತೆ. ನಮ್ಮ ಜಿಲ್ಲೆಯ ಮಸ್ಕಿಯ ಬಂಡೆಯನ್ನು ನೋಡಿರಿ. ಅಂದಿನವರಿಗೆ ಮಾತ್ರ ಹೇಳುವದಿದ್ದರೆ ಡಂಗುರವೇ ಸಾಕಾಗಿತ್ತು. ಅಶೋಕನ ಮಾತನ್ನು ಕಲ್ಲಿನಲ್ಲಿ ಕೊರೆದರು. ಬ್ರಾಹ್ಮೀ ಲಿಪಿಯನ್ನು ಓದಬಲ್ಲವರೇ ಇಲ್ಲದೆ ಎಷ್ಟೋ ಶತಮಾನಗಳು ಕಳೆದುವು. 1837ರಲ್ಲಿ ಪ್ರಿನ್ಸೆಪ್ ಅದರ ಮರ್ಮವನ್ನು ಬಿಡಿಸಿದನು. 1915ರಲ್ಲಿ ಮಸ್ಕಿಯ ಶಾಸನವು ಬೆಳಕಿಗೆ ಬಂದು ಅಶೋಕನೆಂಬ ಹೆಸರು ಕಾಣಿಸಿತು. ಜನರು ಉಳಿದಿದ್ದುದರಿಂದ ಮರೆತ ಲಿಪಿಯೂ ಮರಳಿ ದೊರೆಯಿತು. ಜನವೇ ಅಳಿದರೆ ಹಿಂದಿನವರು ಕೂಡಿಟ್ಟುದೆಲ್ಲವೂ ಓದುವವರಿಲ್ಲದ ಕಲ್ಲಾಗುವದು. ಅದು ಮುಂದಿನವರ ನಷ್ಟ ಮಾತ್ರವಲ್ಲ, ಹಿಂದಿನವರಿಗೂ ಮಾಡಿದ ದ್ರೋಹ.

ಆದರೆ ಮುಂದಿನವರ ಹೆಸರು ಹೇಳಿ ಇಂದು ಹಸಿದವನ ತಟ್ಟೆಯನ್ನು ಕಸಿಯುವದು ಸರ್ವಥಾ ಸಲ್ಲದು. ಬಡತನವನ್ನು ಬಲ್ಲ ನಮ್ಮ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನೇಕ ವೇಳೆ ಈ ಎರಡು ಧರ್ಮಗಳಲ್ಲಿ ವಿರೋಧವೂ ಇಲ್ಲ. ಕಾಲುವೆಯ ತಲೆಯಲ್ಲಿ ಮಿತಿಮೀರಿ ನೀರು ಹಾಯಿಸುವವನು ಇಂದಿಗೆ ಕಾಲುವೆಯ ಕೊನೆಯ ರೈತನನ್ನು ಒಣಗಿಸುವನು. ನಾಳೆಗೆ ತನ್ನ ನೆಲವನ್ನೇ ಸವುಳು ಮಾಡುವನು. ಮಿತಿಯೊಂದರಿಂದಲೇ ಎರಡು ಋಣಗಳೂ ತೀರುವುವು.

2024ರ ಆಗಸ್ಟ್ 10ರ ರಾತ್ರಿ ಅದೇ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ನಾಡೆಲ್ಲ ಎಚ್ಚೆತ್ತಿತು. ಹರಿಯುವ ನೀರಿನಲ್ಲಿಯೇ ತಡೆ ಇಳಿಸಿ ಒಂದು ವಾರದೊಳಗೆ ಪ್ರವಾಹವನ್ನು ನಿಲ್ಲಿಸಿದರು. ಗೇಟು ಮುರಿದರೆ ಸದ್ದಾಗುವದು. ಹೂಳು ತುಂಬುವಾಗ ಸದ್ದಿಲ್ಲ. ಹುಟ್ಟದವರ ಮೊರೆಗೂ ಸದ್ದಿಲ್ಲ. ಅದನ್ನು ಕೇಳಿಸಿಕೊಳ್ಳುವ ಕಿವಿಯು ನಮಗಾಗಲೆಂದು ಪ್ರಾರ್ಥಿಸಿ ವಿರಮಿಸುವೆನು.