ತಾತನ ಪೆಟ್ಟಿಗೆಯ ಪಾಠ

ಕೊಳ್ಳೇಗಾಲದ ಹಳೆಯ ಮನೆಗಳ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಇರುವುದುಂಟು. ಜಮೀನಿನ ಕ್ರಯಪತ್ರ, ಕಂದಾಯದ ರಸೀದಿ, ಯಾರದೋ ಲಗ್ನಪತ್ರಿಕೆ ಅದರಲ್ಲಿರುತ್ತವೆ. ಹಳೆಯ ಕ್ರಯಪತ್ರವಾದರೆ ಅದರಲ್ಲಿ ಜಿಲ್ಲೆಯ ಹೆಸರು ಕೊಯಮತ್ತೂರು ಎಂದಿರುತ್ತದೆ. ಐದನೆಯ ತರಗತಿಯ ಹುಡುಗನಿಗೆ ಇದನ್ನು ತೋರಿಸಿ ನೋಡಿ. ಬರೆದವರು ತಪ್ಪು ಬರೆದಿದ್ದಾರೆ ಎಂದೇ ಹೇಳುತ್ತಾನೆ.

ತಪ್ಪಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಕಂಪನಿಯವರ ಪಾಲಾಗಿ ಕೊಯಮತ್ತೂರಿಗೆ ಸೇರಿತು. ನೆರೆಯ ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಯಿತು. ಎರಡೂ ಕಡೆ ಆಡುವ ಮಾತು ಒಂದೇ, ಹೋಗುವ ಜಾತ್ರೆ ಒಂದೇ; ಸರ್ಕಾರ ಮಾತ್ರ ಬೇರೆ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಿತು. ಹನೂರು ಆಗ ಅದರೊಳಗೇ ಇತ್ತು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಅಂತೂ ತಾತ ಊರು ಬಿಟ್ಟು ಕದಲದೆಯೇ ಮೂರು ಜಿಲ್ಲೆಗಳಲ್ಲಿ ಬಾಳಿದ್ದಾರೆ. ಮೊಮ್ಮಗನಿಗೆ ಪಾಣಿಪತ್ತಿನ ಇಸವಿಗಳೆಲ್ಲ ಬಾಯಿಪಾಠ, ಇದೊಂದು ತಿಳಿಯದು.

ಇದನ್ನು ಉಪಾಧ್ಯಾಯರು ಹಲಗೆಯ ಮೇಲೆ ಬರೆದು ಕಲಿಸಿದರೆ ಮತ್ತೊಂದು ಬಾಯಿಪಾಠವಾದೀತು. ಹುಡುಗರೇ ಹುಡುಕಿ ತರಬೇಕು. ಅದಕ್ಕೊಂದು ಗುರಿ ಬೇಕು. 'ಚೆನ್ನಾಗಿ ಓದುತ್ತೇನೆ' ಎಂಬ ಗುರಿ ದಸರೆಯವರೆಗೂ ಬಾಳುವುದಿಲ್ಲ. 'ಶನಿವಾರದೊಳಗೆ ತಾತನನ್ನು ಮೂರು ಪ್ರಶ್ನೆ ಕೇಳಿ ಬರೆದು ತರುತ್ತೇನೆ' ಎಂಬುದು ಗುರಿ. ಆಯಿತೋ ಇಲ್ಲವೋ ಶನಿವಾರ ಮಗುವಿಗೇ ಗೊತ್ತಾಗುತ್ತದೆ. ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿಯಲ್ಲಿ ಗೋಡೆಯ ಮೇಲಿನ ಕಲಿಕಾ ಏಣಿಯನ್ನು ನೋಡಿ ಪುಟ್ಟ ಮಕ್ಕಳು ತಾವೆಷ್ಟು ಹತ್ತಿದ್ದೇವೆಂದು ತಾವೇ ಕಂಡುಕೊಳ್ಳುತ್ತಾರೆ. ಮೇಲಿನ ತರಗತಿಗೆ ಬಂದೊಡನೆ ಆ ಏಣಿಯನ್ನು ಏಕೆ ತೆಗೆದುಬಿಡುತ್ತೇವೋ, ನಾನರಿಯೆ.

ಮಕ್ಕಳು ತಂದದ್ದನ್ನು ಹಗ್ಗಕ್ಕೆ ಕಟ್ಟಿಸಿ. ಹತ್ತು ವರ್ಷಕ್ಕೆ ಒಂದು ಗೇಣು. ಯಾರ ಗೇಣು ಎಂದು ಜಗಳ ಬರುತ್ತದೆ. ಒಂದು ಅಳತೆಕಡ್ಡಿ ಮಾಡಿಕೊಳ್ಳಲಿ, ಅದೂ ಪಾಠವೇ. ತಾನು ಹುಟ್ಟಿದ್ದು ಒಂದು ಗೇಣಿನಾಚೆ, 1956 ಸುಮಾರು ಏಳನೆಯ ಗೇಣಿನಲ್ಲಿ. 1799ಕ್ಕೆ ಹೋಗುವಷ್ಟರಲ್ಲಿ ಹಗ್ಗ ಕೋಣೆ ದಾಟಿ ಜಗುಲಿಗೆ ಬಂದಿರುತ್ತದೆ.

ಅಜ್ಜಿಯ ಗಂಟಿನಲ್ಲಿ ಹಳೆಯ ಆಣೆಗಳಿದ್ದರೆ ಅಂಗಡಿಯಾಟ ಹೂಡಬಹುದು. 1957ರ ಏಪ್ರಿಲ್ 1ರಿಂದ ಹದಿನಾರು ಆಣೆಯ ರೂಪಾಯಿ ನೂರು ನಯಾ ಪೈಸೆಯದಾಯಿತು. ಒಂದಾಣೆಗೆ ಲೆಕ್ಕದಂತೆ ಆರೂಕಾಲು ಪೈಸೆ. ಆ ಕಾಲು ಪೈಸೆ ಅಂಗಡಿಯವನಿಗೋ ಗಿರಾಕಿಗೋ? ಹುಡುಗರು ವಾದಿಸಲಿ. ಅಂದು ದೊಡ್ಡವರೂ ವಾದಿಸಿದವರೇ.

ಪೆಟ್ಟಿಗೆಯೂ ಇಲ್ಲದ, ಪತ್ರವೂ ಇಲ್ಲದ ಮನೆಗಳುಂಟು. ಆ ಮನೆಯ ಮಗು ತಲೆ ತಗ್ಗಿಸಿ ಕೂರುವಂತಾಗಬಾರದು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಜೀವಿಧಾಮವಾದ ಮೇಲೆ ತಮ್ಮವರು ಕಾಡಿನೊಳಗಣ ಯಾವ ಜಾಗ ಬಿಟ್ಟು ಎಲ್ಲಿಗೆ ಬಂದರೆಂದು ಸೋಲಿಗರ ಅಜ್ಜಿಯೊಬ್ಬರು ಹೇಳಿದರೆ, ಅದು ಯಾವ ಕ್ರಯಪತ್ರಕ್ಕೂ ಕಡಮೆಯಲ್ಲ. ಹನೂರಿನ ಗಡಿಯ ಮನೆಗಳಲ್ಲಿ ಉತ್ತರ ತಮಿಳಿನಲ್ಲಿ ಬಂದೀತು, ಬರಲಿ. ಮೂಲಪತ್ರಗಳನ್ನು ಮಾತ್ರ ಶಾಲೆಗೆ ತರಿಸಬೇಡಿ, ನಕಲು ಸಾಕು.

1956ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತರ ಆಸುಪಾಸು. ಹಬ್ಬಕ್ಕೆ ಅಟ್ಟ ಗುಡಿಸುವಾಗ, ಹಳೆಯ ಕಾಗದ ಕೊಳ್ಳುವವನನ್ನು ಕೂಗುವ ಮುಂಚೆ ಮನೆಯ ಮಕ್ಕಳನ್ನು ಒಮ್ಮೆ ಕೂಗಿರಿ. ತಾತನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿರಿ.