ಯಾರು ಯಾರಿಗೆ ಸಾಲಗಾರರು? ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮತ್ತು ಅದರ ನೆರೆಹೊರೆ



ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನಲ್ಲಿ ದರೋಜಿ ಎಂಬ ಊರಿದೆ. ಕರಡಿಧಾಮದಿಂದಾಗಿ ಆ ಹೆಸರು ಪ್ರವಾಸಿಗರಿಗೆ ಪರಿಚಿತ. ಜನಪದ ಕಾವ್ಯವನ್ನು ಬಲ್ಲವರಿಗೆ ಮಾತ್ರ ದರೋಜಿ ಎಂದರೆ ಬುರ್ರಕಥಾ ಈರಮ್ಮನವರ ಊರು. ಬುಡ್ಗ ಜಂಗಮರೆಂಬ ಅಲೆಮಾರಿ ಸಮುದಾಯದಲ್ಲಿ ಹುಟ್ಟಿದ ಅವರಿಗೆ ಓದುಬರಹ ತಿಳಿದಿರಲಿಲ್ಲ. ಆದರೆ ಕುಮಾರರಾಮನ ಕಾವ್ಯವೂ ಸೇರಿದಂತೆ, ಇರುಳಿಡೀ ಹಾಡಿದರೂ ಮುಗಿಯದ ಹತ್ತಾರು ಕಥನಗಳು ಅವರ ನೆನಪಿನಲ್ಲಿದ್ದವು. 2014ರಲ್ಲಿ ಅವರು ತೀರಿಕೊಂಡರು. ಅದಕ್ಕೂ ಮುನ್ನವೇ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಪದವಿಯನ್ನು ನೀಡಿತ್ತು. ನಾಡೋಜ ಎಂದರೆ ನಾಡಿನ ಗುರು. ಆದಿಕವಿ ಪಂಪನ ಹೆಸರಿನೊಂದಿಗೆ ಬೆಸೆದುಕೊಂಡ ಮಾತು. ಊರೂರು ತಿರುಗಿ ಕಥೆ ಹೇಳಿ ಹೊಟ್ಟೆ ಹೊರೆದ ಹೆಣ್ಣುಮಗಳೊಬ್ಬಳನ್ನು ಪಂಪನ ಸಾಲಿನಲ್ಲಿ ಕೂರಿಸಿದ್ದು ಕನ್ನಡದ ವಿದ್ವತ್ತಿನ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಆ ವಿಶ್ವವಿದ್ಯಾಲಯದ ಇಂದಿನ ಸ್ಥಿತಿ ಕನ್ನಡ ಪತ್ರಿಕೆಗಳನ್ನು ಓದುವವರಿಗೆ ತಿಳಿಯದ್ದೇನಲ್ಲ. ಇತ್ತೀಚಿನ ವರ್ಷಗಳಲ್ಲಿ ಅದು ಸುದ್ದಿಯಾಗಿರುವುದು ಹೆಚ್ಚಾಗಿ ಬಾಕಿಗಳಿಂದ: ಕಟ್ಟಲಾಗದೆ ಉಳಿದ ವಿದ್ಯುತ್ ಬಿಲ್ಲು, ತಡವಾದ ಪಿಂಚಣಿ, ತಿಂಗಳುಗಟ್ಟಲೆ ಕೈಸೇರದ ಶಿಷ್ಯವೇತನ. ಶಿಷ್ಯವೇತನಕ್ಕಾಗಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಸಂಶೋಧನಾರ್ಥಿಗಳು ಗ್ರಂಥಾಲಯ ಬಿಟ್ಟು ಧರಣಿ ಕೂರಬೇಕಾಯಿತು. ಪ್ರತಿ ಬಾರಿಯೂ ಸರ್ಕಾರದಿಂದ ಬರುವ ಉತ್ತರ ಒಂದೇ: ವಿಶ್ವವಿದ್ಯಾಲಯಗಳು ತಮ್ಮ ಸಂಪನ್ಮೂಲವನ್ನು ತಾವೇ ಕ್ರೋಡೀಕರಿಸಿಕೊಳ್ಳಬೇಕು. ಕೇಳುವುದಕ್ಕೆ ನ್ಯಾಯವಾಗಿಯೇ ತೋರುವ ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕಾಗಿದೆ.

ಕರ್ನಾಟಕದ ಸಾಂಪ್ರದಾಯಿಕ ವಿಶ್ವವಿದ್ಯಾಲಯಗಳ ಆಂತರಿಕ ಆದಾಯ ಬರುವುದು ಎಲ್ಲಿಂದ? ಬಹುಮಟ್ಟಿಗೆ ಸಂಯೋಜಿತ ಕಾಲೇಜುಗಳಿಂದ. ಸಾವಿರಾರು ಪದವಿ ವಿದ್ಯಾರ್ಥಿಗಳು ಕಟ್ಟುವ ಪರೀಕ್ಷಾ ಶುಲ್ಕ, ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ, ಅಂಕಪಟ್ಟಿಯ ಶುಲ್ಕ, ಇವೇ ಅವುಗಳ ಜೀವಾಳ. 1991ರಲ್ಲಿ ಪ್ರತ್ಯೇಕ ಕಾಯ್ದೆಯ ಮೂಲಕ ಕನ್ನಡ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದಾಗ ಸರ್ಕಾರವೇ ಅದನ್ನು ಬೇರೆ ಬಗೆಯಲ್ಲಿ ಕಟ್ಟಿತು. ಮೊದಲ ಕುಲಪತಿ ಚಂದ್ರಶೇಖರ ಕಂಬಾರರ ಕಾಲದಲ್ಲಿ ರೂಪುಗೊಂಡ ಕಲ್ಪನೆಯಂತೆ ಅದು ಪದವಿ ಪರೀಕ್ಷೆಗಳನ್ನು ನಡೆಸುವ ಕಾರ್ಖಾನೆಯಲ್ಲ, ಕನ್ನಡದಲ್ಲಿಯೇ ಹೊಸ ತಿಳಿವಳಿಕೆಯನ್ನು ಹುಟ್ಟಿಸಬೇಕಾದ ಸಂಶೋಧನಾ ಸಂಸ್ಥೆ. ಪದವಿ ಕಾಲೇಜುಗಳ ಜಾಲ ಅದಕ್ಕಿಲ್ಲ. ಆದಾಯದ ಬಾಗಿಲನ್ನು ಇಡದೆಯೇ ಮನೆ ಕಟ್ಟಿಸಿದವರು ಈಗ ಆದಾಯವೆಲ್ಲಿ ಎಂದು ಕೇಳುತ್ತಿದ್ದಾರೆ. ವಿಶ್ವವಿದ್ಯಾಲಯದ ಸ್ವರೂಪವನ್ನು ನಿರ್ಧರಿಸಿದ್ದು ಶಾಸನ. ಆ ಸ್ವರೂಪಕ್ಕೆ ತಗಲುವ ವೆಚ್ಚವನ್ನು ವರ್ಷವರ್ಷವೂ ಭರಿಸುವುದು ಆ ಶಾಸನದೊಳಗೇ ಅಡಗಿರುವ ಹೊಣೆ.

ಈ ಮನೋಭಾವ ಹಂಪಿಗೆ ಮಾತ್ರ ಸೀಮಿತವಲ್ಲ. ಬೀದರ್, ಹಾವೇರಿ, ಕೊಡಗು, ಚಾಮರಾಜನಗರ, ಹಾಸನ, ಕೊಪ್ಪಳ, ಬಾಗಲಕೋಟೆಗಳಿಗೆ ಹಿಂದಿನ ಸರ್ಕಾರ ಒಮ್ಮೆಲೇ 7 ವಿಶ್ವವಿದ್ಯಾಲಯಗಳನ್ನು ಘೋಷಿಸಿತು. ಅವುಗಳಿಗೆ ಬೇಕಾದ ಕಟ್ಟಡ, ಹುದ್ದೆ, ಹಣಗಳನ್ನು ಮಾತ್ರ ಒದಗಿಸಲಿಲ್ಲ. 2025ರ ಫೆಬ್ರುವರಿಯಲ್ಲಿ ಈಗಿನ ಸರ್ಕಾರದ ಸಚಿವ ಸಂಪುಟದ ಉಪಸಮಿತಿಯು, ಬೀದರ್ ಒಂದನ್ನು ಬಿಟ್ಟು, ಹೊಸದಾಗಿ ಹುಟ್ಟಿದ 9 ವಿಶ್ವವಿದ್ಯಾಲಯಗಳನ್ನು ಮುಚ್ಚುವುದೇ ಸೂಕ್ತವೆಂಬ ನಿಲುವಿಗೆ ಬಂದಿತು. ಮೊದಲಿನದು ಚುನಾವಣೆಯ ಲೆಕ್ಕಾಚಾರ, ಎರಡನೆಯದು ಖಜಾನೆಯ ಲೆಕ್ಕಾಚಾರ. ಪಕ್ಷಗಳು ಬದಲಾದರೂ ಎರಡೂ ಲೆಕ್ಕಗಳಲ್ಲಿ ಸಮಾನವಾದ ಒಂದು ನಂಬಿಕೆಯಿದೆ: ದೂರದ ಜಿಲ್ಲೆಗೊಂದು ವಿಶ್ವವಿದ್ಯಾಲಯವೆಂದರೆ ರಾಜಧಾನಿ ಮಾಡುವ ಉಪಕಾರ, ಕೊಟ್ಟರೆ ಜನ ಕೃತಜ್ಞರಾಗಿರಬೇಕು, ಕಸಿದರೆ ಸುಮ್ಮನಿರಬೇಕು. ಪ್ರಶ್ನಿಸಬೇಕಾದದ್ದು ಈ ನಂಬಿಕೆಯನ್ನೇ.

ಹೊಸಪೇಟೆಯ ಸುತ್ತಲಿನ ಸೀಮೆ ನಾಡಿಗೆ ಏನನ್ನು ಕೊಟ್ಟಿದೆ? ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರು ದಶಕಗಳ ಕಾಲ ಲಾರಿಗಳಲ್ಲಿ ಹೊರಟುಹೋಯಿತು. ಆ ಕೊಳ್ಳೆ ಎಷ್ಟು ಅತಿರೇಕಕ್ಕೆ ಮುಟ್ಟಿತೆಂದರೆ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ತುಂಗಭದ್ರಾ ಅಣೆಕಟ್ಟೆಗಾಗಿ ಹಳ್ಳಿಗಳು ಮುಳುಗಿದವು. ಅದರ ನೀರು ರಾಜ್ಯದ ಗಡಿ ದಾಟಿ ಹರಿಯುತ್ತದೆ. ಅಣೆಕಟ್ಟೆಯ ಬುಡದಲ್ಲಿ ಮಾತ್ರವಲ್ಲ, ಹಂಪಿಯ ಕಾಲುವೆಯ ಮೇಲೂ ವಿದ್ಯುತ್ತು ಉತ್ಪಾದನೆಯಾಗುತ್ತದೆ. ನಾಡಿಗೆ ಬೆಳಕು ಕೊಡುವ ಆ ಕಾಲುವೆಯ ಸೀಮೆಯಲ್ಲಿಯೇ ವಿಶ್ವವಿದ್ಯಾಲಯವೊಂದು ವಿದ್ಯುತ್ ಬಿಲ್ಲು ಕಟ್ಟಲಾಗದೆ ನಿಂತಿತು. ಪ್ರಾದೇಶಿಕ ಅಸಮತೋಲನವೆಂಬ ಪದವನ್ನು ಡಿ. ಎಂ. ನಂಜುಂಡಪ್ಪ ಸಮಿತಿ 2002ರ ತನ್ನ ವರದಿಯಲ್ಲಿ ಅಂಕಿಅಂಶಗಳ ಮೂಲಕ ವಿವರಿಸಿ, ಹಿಂದುಳಿದ 114 ತಾಲ್ಲೂಕುಗಳನ್ನು ಗುರುತಿಸಿತ್ತು. ಆ ವರದಿಯ ಪುಟಗಳನ್ನು ತೆರೆಯದವರಿಗೂ ಈ ಒಂದು ದೃಶ್ಯ ಸಾಕು.

ಅದಿರು, ನೀರು, ಬೆಳಕುಗಳಿಗಿಂತ ದೊಡ್ಡ ಕೊಡುಗೆ ಇನ್ನೊಂದಿದೆ. ಅದು ನೆನಪು. ಮಂಟೇಸ್ವಾಮಿ, ಜುಂಜಪ್ಪ, ಕುಮಾರರಾಮರ ಕಾವ್ಯಗಳನ್ನು ವಿದ್ವಾಂಸರು ಬರೆದುಕೊಳ್ಳಲು ಹೋದಾಗ ಹಾಡುಗಾರರು ಬೆಲೆ ಕೇಳಲಿಲ್ಲ. ಗೊಲ್ಲರಹಟ್ಟಿಯ ಸಿರಿಯಜ್ಜಿಯಂಥವರು ಹಾಡಿದ್ದು ಪುಸ್ತಕವಾಯಿತು, ಪ್ರಬಂಧವಾಯಿತು, ಪದವಿಯಾಯಿತು. ಬುಡಕಟ್ಟು ಅಧ್ಯಯನ, ಮಹಿಳಾ ಅಧ್ಯಯನ, ಹಸ್ತಪ್ರತಿಶಾಸ್ತ್ರ ಮೊದಲಾದ ವಿಭಾಗಗಳು ನಿಂತಿರುವುದು ಈ ದಾನದ ಮೇಲೆ. ವಿಶ್ವವಿದ್ಯಾಲಯದ ಪ್ರಸಾರಾಂಗ ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ಹೊರತಂದಿದೆ. ಆ ಪುಸ್ತಕಗಳಲ್ಲಿ ಎಷ್ಟರದೋ ಮೂಲ ಬಂಡವಾಳವನ್ನು ಹೂಡಿದವರು ಹೆಬ್ಬೆಟ್ಟೊತ್ತುವ ಜನ.

ಹೀಗಿರುವಾಗ ವಿಶ್ವವಿದ್ಯಾಲಯವೂ ಪ್ರಶ್ನೆಗಳಿಂದ ಹೊರತಲ್ಲ. ಹಾಡಿದವರ ಮಕ್ಕಳು ಅದೇ ಆವರಣದಲ್ಲಿ ಸಂಶೋಧಕರಾಗಲು ಸಾಧ್ಯವಾಯಿತೇ? ಊರಿನವರನ್ನು ಮಾಹಿತಿದಾರರೆಂಬ ಒಂದು ಸಾಲಿನ ಅಡಿಟಿಪ್ಪಣಿಗೆ ಇಳಿಸುವ ಚಾಳಿ ನಿಂತಿತೇ? ಬರೆದ ಪ್ರಬಂಧ ಮತ್ತೆ ಆ ಊರಿನ ಕೈಗೆ ಮರಳಿತೇ? ಈ ಪ್ರಶ್ನೆಗಳನ್ನು ಕೇಳುವ ಹಕ್ಕು ಮೊದಲು ಇರುವುದು ದರೋಜಿಗೆ, ಕಮಲಾಪುರಕ್ಕೆ, ಕೂಡ್ಲಿಗಿಗೆ. ಆದರೆ ಕೇಳುವುದಕ್ಕೆ ವಿಶ್ವವಿದ್ಯಾಲಯ ಉಳಿದಿರಬೇಕು. ಶಿಷ್ಯವೇತನ ನಿಂತಾಗ ಮೊದಲು ಊರಿಗೆ ಮರಳುವವರು, ಮನೆತನದಲ್ಲಿಯೇ ಮೊದಲ ಬಾರಿಗೆ ಉನ್ನತ ಶಿಕ್ಷಣದ ಮೆಟ್ಟಿಲು ಹತ್ತಿದ ಮಕ್ಕಳು. ಉಳ್ಳವರ ಸಂಶೋಧನೆ ಹೇಗಾದರೂ ನಡೆಯುತ್ತದೆ. ಹಣಕಾಸಿನ ಕೊರತೆ ಎಂಬುದು ಜಾತಿಯಿಲ್ಲದ, ವರ್ಗವಿಲ್ಲದ ಶಬ್ದದಂತೆ ಕೇಳಿಸಿದರೂ ಅದು ಆರಿಸಿ ಹೊಡೆಯುತ್ತದೆ.

ಇನ್ನೊಂದು ಕಾರಣಕ್ಕೂ ಈ ಸಂಸ್ಥೆ ಉಳಿಯಬೇಕು. ಹಂಪಿಯೆಂದರೆ ಒಂದೇ ಸಾಮ್ರಾಜ್ಯದ, ಒಂದೇ ಧರ್ಮದ ವೈಭವಗಾಥೆ ಎಂದು ಹೇಳುವ ದನಿಗಳು ಬಲವಾಗುತ್ತಿವೆ. ಅದೇ ನೆಲದಲ್ಲಿ ಅಧ್ಯಾಪಕರಾಗಿದ್ದ ರಹಮತ್ ತರೀಕೆರೆಯವರು ಕರ್ನಾಟಕದ ಸೂಫಿಗಳನ್ನು, ನಾಥಪಂಥವನ್ನು ಕುರಿತು ಊರೂರು ಅಲೆದು ಬರೆದರು. ಎರಡನೆಯ ಕುಲಪತಿಯಾಗಿದ್ದ ಎಂ. ಎಂ. ಕಲಬುರ್ಗಿಯವರು ಶಾಸನ, ಹಸ್ತಪ್ರತಿಗಳ ಆಧಾರದಿಂದ ಒಪ್ಪಿತ ಚರಿತ್ರೆಯನ್ನು ಪ್ರಶ್ನಿಸಿದವರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿಯೇ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಗುಂಡಿನಿಂದ ಸಾಧ್ಯವಾಗದ್ದು ಅನುದಾನದ ಕಡಿತದಿಂದ ಸದ್ದಿಲ್ಲದೆ ಸಾಧ್ಯವಾಗುವ ಅಪಾಯವಿದೆ. ಕನ್ನಡ, ತೆಲುಗು, ಉರ್ದು, ಲಂಬಾಣಿ ನುಡಿಗಳು ಒಂದೇ ಸಂತೆಯಲ್ಲಿ ಕಲೆಯುವ ಆ ಗಡಿಸೀಮೆಯ ಬಹುತ್ವವನ್ನು ದಾಖಲಿಸುವವರೇ ಇಲ್ಲವಾದರೆ, ಉಳಿಯುವುದು ಉತ್ಸವದ ದೀಪಾಲಂಕಾರ ಮಾತ್ರ.

ಸಮುದ್ರದಾಚೆಯ ಕನ್ನಡಿಗರಿಗೆ ಇಲ್ಲೇನು ಕೆಲಸ ಎಂಬ ಪ್ರಶ್ನೆ ಸಹಜ. ಅಮೆರಿಕ, ಕೊಲ್ಲಿ ರಾಷ್ಟ್ರಗಳು, ಆಸ್ಟ್ರೇಲಿಯಾಗಳಿಗೆ ಹೋದವರಲ್ಲಿ ಬಹಳಷ್ಟು ಮಂದಿ ಸರ್ಕಾರಿ ಶಾಲೆಯಲ್ಲೋ, ಅನುದಾನಿತ ಕಾಲೇಜಿನಲ್ಲೋ, ಕಡಿಮೆ ಶುಲ್ಕದ ವಿಶ್ವವಿದ್ಯಾಲಯದಲ್ಲೋ ಓದಿದವರು. ತೆರಿಗೆದಾರರ ಹಣದ ಆ ಏಣಿಯನ್ನು ಹತ್ತಿ ಮೇಲೇರಿದವರೇ, ಸಾರ್ವಜನಿಕ ವಿಶ್ವವಿದ್ಯಾಲಯಗಳು ಲಾಭ ತರಬೇಕೆಂದು ವಾದಿಸುವುದು ಏಣಿಯನ್ನು ಹಿಂದಕ್ಕೆ ಎಳೆದುಕೊಂಡಂತೆ. ದೇಣಿಗೆ ಕೊಡುವುದು ಒಳ್ಳೆಯದೇ. ಒಬ್ಬ ಸಂಶೋಧನಾರ್ಥಿಯ ಶಿಷ್ಯವೇತನವೂ, ಪ್ರಸಾರಾಂಗದ ಹತ್ತು ಪುಸ್ತಕಗಳ ಖರೀದಿಯೂ ಅರ್ಥವುಳ್ಳ ಕೆಲಸಗಳೇ. ಆದರೆ ದೇಣಿಗೆಯು ಸರ್ಕಾರದ ಹೊಣೆಗೆ ಬದಲಿಯಾಗಬಾರದು. ವಿದೇಶದ ಕನ್ನಡ ಸಮ್ಮೇಳನಗಳಿಗೆ ಸಚಿವರು ಬರುವುದು, ಪೇಟ ತೊಡಿಸಿಕೊಂಡು ಕನ್ನಡದ ಹಿರಿಮೆಯನ್ನು ಹೊಗಳುವುದು ವಾಡಿಕೆ. ಆ ವೇದಿಕೆಗಳಲ್ಲಿ ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ. ಈ ವರ್ಷ ಹಂಪಿಗೆ ಮಂಜೂರಾದದ್ದೆಷ್ಟು, ಬಿಡುಗಡೆಯಾದದ್ದೆಷ್ಟು? ಖಾಲಿ ಹುದ್ದೆಗಳು ಯಾವಾಗ ತುಂಬುತ್ತವೆ? ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸಂಗ್ರಹವಾಗಿರುವ ಸಾವಿರಾರು ಕೋಟಿ ರೂಪಾಯಿಗಳಲ್ಲಿ, ಆ ಪ್ರದೇಶದ ಮಕ್ಕಳ ಉನ್ನತ ಶಿಕ್ಷಣಕ್ಕೆ ಪಾಲೆಷ್ಟು? ಹಾರ ಹಾಕುವ ಕೈಗಳೇ ಈ ಪ್ರಶ್ನೆಗಳನ್ನೂ ಹಿಡಿದು ನಿಂತರೆ, ಉತ್ತರ ಕೊಡದೆ ವಿಮಾನ ಹತ್ತುವುದು ಯಾರಿಗೂ ಅಷ್ಟು ಸುಲಭವಾಗದು.

ದರೋಜಿಯ ಈರಮ್ಮನವರು ಕಥೆ ಮುಗಿಸಿದ ಮೇಲೆ ಊರಿನವರು ಕೊಟ್ಟ ಕಾಳುಕಡ್ಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮುಂದಿನ ಊರಿಗೆ ನಡೆದ ಪರಂಪರೆಗೆ ಸೇರಿದವರು. ಕೇಳಿದ ಕಥೆಗೆ ಏನನ್ನಾದರೂ ಕೊಡದೆ ಕಳಿಸಬಾರದೆಂಬ ಮರ್ಯಾದೆ ಬಡ ಹಳ್ಳಿಗಳಿಗೂ ಗೊತ್ತಿತ್ತು. ನಾಡು ಆ ಕಥೆಗಳನ್ನೆಲ್ಲ ಕೇಳಿಯಾಗಿದೆ, ಅಚ್ಚು ಹಾಕಿಯಾಗಿದೆ, ಅವುಗಳಿಂದ ಹೆಮ್ಮೆಯನ್ನೂ ಪಟ್ಟಾಗಿದೆ. ಋಣ ಮಾತ್ರ ಇನ್ನೂ ಬಾಕಿ ಇದೆ.