ಅಂತಃಪುರದಲ್ಲೊಂದು ಛಾಯಾಯಂತ್ರ



ಪರಪುರುಷರ ದೃಷ್ಟಿ ಬೀಳಬಾರದೆಂದು ರಾಣೀವಾಸಕ್ಕೆ ಕಾವಲಿಟ್ಟ ಅರಸನೇ ಅಲ್ಲಿಯ ಮುಖಗಳನ್ನು ಮುಂದಿನ ಕಾಲದವರು ಕಾಣುವಂತೆ ಉಳಿಸಿಹೋದನೆಂದರೆ ವಿಚಿತ್ರವೆನಿಸುತ್ತದೆ. 1848 ರಿಂದ 1896 ರವರೆಗೆ ಪರ್ಷಿಯಾವನ್ನು ಆಳಿದ ಕಾಜಾರ್ ವಂಶದ ನಾಸಿರುದ್ದೀನ್ ಷಾಹನು ಹೀಗೆ ಮಾಡಿದನು.

ಛಾಯಾಚಿತ್ರದ ವಿದ್ಯೆಯು ಆತನ ತಂದೆಯ ಕಾಲದಲ್ಲಿಯೇ, 1840 ರ ದಶಕದಲ್ಲಿ, ಪರ್ಷಿಯಾವನ್ನು ಮುಟ್ಟಿತ್ತು. ಷಾಹನು ಚಿತ್ರಗಳನ್ನು ಸಂಗ್ರಹಿಸಿದುದಲ್ಲದೆ ತಾನೇ ಆ ವಿದ್ಯೆಯನ್ನು ಕಲಿತನು. ಅದು ಸುಲಭದ ವಿನೋದವಾಗಿರಲಿಲ್ಲ. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹೊಯ್ದು, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಅದು ಆರುವ ಮುನ್ನವೇ ಚಿತ್ರವನ್ನು ತೆಗೆದು ತೊಳೆಯಬೇಕಾಗಿತ್ತು. ಎದುರಿಗೆ ಕುಳಿತವರು ಅಷ್ಟು ಹೊತ್ತು ಅಲುಗಾಡುವಂತಿರಲಿಲ್ಲ.

ಹಾಗೆ ಕುಳಿತವರು ಆತನ ರಾಣಿಯರು, ಮಕ್ಕಳು, ಪರಿವಾರದವರು. ತೆಹರಾನಿನ ಗುಲಿಸ್ತಾನ್ ಅರಮನೆಯಲ್ಲಿ ಆ ಸಂಪುಟಗಳು ಉಳಿದಿವೆ. ಇಲ್ಲಿಂದ ಅವನ್ನು ನಿಮಗೆ ತೋರಿಸಲಾರೆವು, ಮಾತಿನಲ್ಲಿಯೇ ಹೇಳಬೇಕಾಗಿದೆ. ಕೂಡಿದ ದಟ್ಟ ಹುಬ್ಬು, ಗಿಡ್ಡನೆಯ ನೆರಿಗೆಯ ಲಂಗ, ತಲೆಯ ಮೇಲೆ ತೆಳುವಾದ ಬಿಳಿಯ ವಸ್ತ್ರ. ನಮ್ಮ ಕಥೆಗಳ ಅಪ್ಸರೆಯರನ್ನು ನಿರೀಕ್ಷಿಸಿದವರಿಗೆ ಅಲ್ಲಿ ಕಾಣುವವರು ಮನೆಯ ಹೆಂಗಸರು. ಚಿತ್ರಗಳ ಪಕ್ಕದಲ್ಲಿ ಅವರ ಹೆಸರುಗಳನ್ನು ಷಾಹನು ತನ್ನ ಕೈಯಿಂದಲೇ ಬರೆದಿದ್ದಾನೆ.

ಆತನ ಪ್ರೀತಿಯ ರಾಣಿ ಅನೀಸ್ ಉದ್ದೌಲಾ. 1873 ರಲ್ಲಿ ಯೂರೋಪಿನ ಪ್ರವಾಸಕ್ಕೆ ಹೊರಟಾಗ ಷಾಹನು ಆಕೆಯನ್ನೂ ಕರೆದೊಯ್ದನು. ಆದರೆ ಪರದೇಶದ ಸಭೆಗಳಲ್ಲಿ ಪರದೆಯನ್ನು ಕಾಯುವ ಬಗೆ ಹೇಗೆ? ಮಾಸ್ಕೋ ನಗರದಿಂದಲೇ ಆಕೆಯನ್ನು ಹಿಂದಕ್ಕೆ ಕಳುಹಿಸಲಾಯಿತು. ಯೂರೋಪು ನೋಡಬಾರದಾಗಿದ್ದ ಆ ಮುಖವು ಇಂದು ಪುಸ್ತಕಗಳಲ್ಲಿ ಅಚ್ಚಾಗಿ ಎಲ್ಲರ ಕೈಗೂ ಸಿಕ್ಕುತ್ತಿದೆ. ಇದಕ್ಕೆ ಆಕೆಯ ಒಪ್ಪಿಗೆಯನ್ನು ಕೇಳಿದವರಿಲ್ಲ.

ಹಾಗಾದರೆ ಈ ಚಿತ್ರಗಳನ್ನು ನಂಬಬಹುದೆ? ಉಡುಗೆಯ ಮಟ್ಟಿಗೆ, ಮುಖದ ಮಟ್ಟಿಗೆ, ನಂಬಬಹುದು. ಪರದೇಶೀಯ ಚಿತ್ರಕಾರರು ಕಾಣದೆಯೇ ಕಲ್ಪಿಸಿ ಬರೆದ ಜನಾನಾದ ವಿಲಾಸಗಳನ್ನು ಇವು ಸುಳ್ಳುಮಾಡುತ್ತವೆ. ಆದರೆ ಬಾಳಿನ ಮಟ್ಟಿಗೆ? ಯಂತ್ರದ ಹಿಂದೆ ನಿಂತವನು ಪತಿ, ಅವನೇ ಪ್ರಭು. ಅವನು ಅಲುಗಾಡಬೇಡವೆಂದಾಗ ಅಲುಗಾಡದೆ ಕುಳಿತವಳ ಮನಸ್ಸನ್ನು ಗಾಜಿನ ಫಲಕವು ಹಿಡಿಯಲಾರದು.

ಅದನ್ನು ಹೇಳಲು ಬೇರೊಂದು ಸಾಧನವು ಬೇಕಾಯಿತು. 1896 ರಲ್ಲಿ ಷಾಹನು ಕೊಲೆಯಾದನು. ಆಗ ಇನ್ನೂ ಬಾಲಿಕೆಯಾಗಿದ್ದ ಆತನ ಮಗಳು ತಾಜ್ ಉಸ್ಸಲ್ತನಾ ದೊಡ್ಡವಳಾದ ಮೇಲೆ ತನ್ನ ಸ್ಮೃತಿಗಳನ್ನು ಬರೆದಳು. ತಾಯಿಯ ಮಡಿಲಿಗಿಂತ ದಾದಿಯ ಮಡಿಲಲ್ಲಿ ಬೆಳೆದ ಕೊರಗನ್ನೂ, ಪರದೆಯ ಬಾಳಿನ ಕಷ್ಟವನ್ನೂ, ಸ್ತ್ರೀಯರಿಗೆ ವಿದ್ಯೆಯು ಬೇಕೆಂಬುದನ್ನೂ ಆಕೆ ಮುಚ್ಚುಮರೆಯಿಲ್ಲದೆ ಹೇಳಿದ್ದಾಳೆ.

ತಂದೆಯ ಸಂಪುಟವನ್ನು ನೋಡುವವರು ಮಗಳ ಪುಸ್ತಕವನ್ನೂ ಓದಬೇಕೆಂದು ನಾವು ಬಯಸುತ್ತೇವೆ. ಒಂದರಲ್ಲಿ ಅರಸನು ಕಂಡ ಅಂತಃಪುರವಿದೆ. ಇನ್ನೊಂದರಲ್ಲಿ ಅಲ್ಲಿ ಬಾಳಿದವಳ ಮಾತಿದೆ.